‘ಕೊತ್ತಂಬರಿಗೆ ನಮ್ಮ ವಿರೋಧ ಐತ್ರಿ’

ಅಣ್ಣಿಗೇರಿ ಕಡೆಯ ಎರೆ ಹೊಲ. ಕಡಲೆ ಗಿಡದ ಕಾಯಿಯೊಳಗೆ ತಲೆ ತೂರಿಸಿ, ಉಳಿದ ಮೈಯನ್ನು ಹೊರಗೇ ಬಿಟ್ಟುಕೊಂಡು ಶ್ರೀಮಾನ್ ಕಾಯಿಕೊರಕ ಮಾತಿಗೆ ಸಿಕ್ಕರು.

ಈ ಹಿಂಗಾರಿ ಹೇಗಿದೆ?

ಭಾಳ ಚಲೋ ಐತ್ರಿ. ಊರ ತುಂಬ ಬರೇ ಕಡ್ಲಿ. ನಮ್ಮವ್ವ ರಾತ್ರಿ ಹಾರಿ ಬಂದಾಕಿ ಹುಡುಕ್ಯಾಡೂ ಪ್ರಸಂಗನ ಬರಲಿಲ್ಲ. ಎಲ್ಲಿ ತತ್ತಿ ಇಟ್ಟರೂ ಊಟದ ಮ್ಯಾಲನ.

ಎಲ್ಲರ ಹೊಲವೂ ಒಂದೇ ಏನು?

ಹಂಗೇನಿಲ್ಲ. ಅಕ್ಟೋಬರದಾಗ ಹಸಿ ನೋಡಿ ಬಿತ್ತಿದವರು ಹೊಟ್ಟಿಕಿಚ್ಚಿನ ಮಂದಿ. ನಮ್ಮ ಸಂತಾನ ಹೆಚ್ಚೂದ್ರಾಗ ಅವರ ಕಾಯಿ ಬಲತಿರತಾವ. ತಡಾ ಮಾಡಿ ಬಿತ್ತಿದವರು ದೇವರಂಥವರು, ಸರಿಯಾದ ಹೊತ್ತಿಗೆ ಎಳೇಕಾಯಿ ಬಡಸ್ತಾರ.

ಕಡಲೆ ಎಲೆಯ ಹುಳಿ ನಿಮ್ಮನ್ನು ಕಾಡುವುದಿಲ್ಲವೆ?

ಒಂದೀಟು ತ್ರಾಸ ಐತಿ. ಆದ್ರ ನಮ್ಮ ತತ್ತಿಯೊಳಗ ತನ್ನ ತತ್ತಿ ಇಡೂ ಟ್ರೈಕೊಗ್ರಾಮಾ ಕಣಜಕ್ಕ ಅದು ಅಷ್ಟಕ್ಕಷ್ಟ. ನಿಮ್ಮ ಮಂದಿ ರಾತ್ರಿ ಅರಿವಿ ಹಾಸಿ ಮುಂಜಾನೆ ಹಿಂಡತಾರಲ್ಲ, ಆ ಹುಳಿ ನಮಗ ಪುಕ್ಕಟೆ ಪೊಲೀಸ್ ಬಂದೋಬಸ್ತ.

ಹಾಗಾದರೆ ವೈರಿಗಳೇ ಇಲ್ಲ ಅನ್ನಿ.

(ಹೊರಗಿದ್ದ ಮೈ ನಡುಗಿತು.) ಕೊತ್ತಂಬರಿ! ಕಡ್ಲಿ ಸಾಲಿನ ನಡುವ ಅದನ್ಯಾಕ ಹಾಕ್ಬೇಕ್ರಿ? ಅದರ ಹೂವು ಬಾಗಲಾ ತಗದ ಇಟ್ಟ ಖಾನಾವಳಿ. ಕ್ಯಾಂಪೊಲೆಟಿಸ್ ಅನ್ನೂ ಕಣಜ ಮಕರಂದ ಕುಡಿಯಾಕ ಬರತಾಳ. ಕುಡದು ಸುಮ್ಮ ಹೋಗೂದಿಲ್ಲ. ನಮ್ಮ ಎಳೇ ಕೂಸಿನ ಮೈಯಾಗ ತತ್ತಿ ಚುಚ್ಚತಾಳ. ಅದರ ಮರಿ ಒಳಗಿಂದ ತಿಂದಕೋಂತ ಹೊರಗ ಬರತೈತಿ. ಕಾಯಿ ರುಚಿ ನೋಡದ ಹೋದವರು ನಮ್ಮ ಮನಿಯಾಗ ಎಷ್ಟ ಮಂದಿ!

ಕೊತ್ತಂಬರಿ ಇದ್ದಲ್ಲಿ ನೀವು ಇರುವುದೇ ಇಲ್ಲವೇ?

ಇರತೀವ್ರಿ, ಕಡಿಮಿ ಇರತೀವಿ. ಸರಕಾರ ಒಂದ ಹೊಲ, ಒಂದ ಬೆಳಿ ಅಂತ ಕಾನೂನು ತಂದ್ರ ಈ ತಕರಾರ ಮುಗೀತಿತ್ತು.

ಔಷಧ ಹೊಡೆದರೆ?

ಸ್ವಾಗತ! ಕಣಜ ಮೊದಲ ಸಾಯತೈತಿ. ನಮ್ಮ ವಂಶದ ಕಥಿ ಬ್ಯಾರೇ: 1987ರಾಗ ಆಂಧ್ರದ ಹತ್ತಿ ಹೊಲದಾಗ ನಮ್ಮ ಹಿರೇರು ಪೈರೆಥ್ರಾಯ್ಡ್ ಜೀರ್ಣ ಮಾಡಿಕೊಂಡ ಮಂದಿ.

ನಿಮ್ಮಲ್ಲಿ ಒಗ್ಗಟ್ಟಿದೆಯೆ?

ಒಂದ ಕಾಯಿಗೆ ಇಬ್ಬರು ಬಂದ್ರ ದೊಡ್ಡಾಂವ ಸಣ್ಣಾಂವನ್ನ ತಿಂತಾನ. ಬರೀಬ್ಯಾಡ್ರಿ, ಪಕ್ಷದ ಒಳಗಿನ ವಿಚಾರ.

ಮುಂದಿನ ವರ್ಷವೂ ಇದೇ ಊರೋ?

ಸಂತ್ಯಾಗ ಕೊತ್ತಂಬರಿ ರೇಟ್ ಏನೈತಿ ಅನ್ನೂದರ ಮ್ಯಾಲ ಐತ್ರಿ.