ಖಾಲಿಯಿಲ್ಲದ ಕೋಣೆ

ನಮ್ಮ ಪ್ರಾಚೀನ ಕವಿಗಳು ಪ್ರಣಯಿಗಳಿಗೆ ಎಷ್ಟೋ ಬಗೆಯ ಕಷ್ಟಗಳನ್ನು ತಂದೊಡ್ಡಿದ್ದಾರೆ; ಆದರೆ ಸ್ಥಳದ ಅಭಾವವೆಂಬುದನ್ನು ಮಾತ್ರ ಅವರು ಕಾಣರು. ಅಭಿಸಾರಿಕೆಯಾದವಳು ಕಾಲ್ಗೆಜ್ಜೆಯನ್ನು ಮೇಲಕ್ಕೆ ಸರಿಸಿ, ಮಳೆಯನ್ನೂ ಹಾವನ್ನೂ ಲೆಕ್ಕಿಸದೆ ಮನೆಬಿಟ್ಟಳೆಂದರೆ, ನದೀತೀರದಲ್ಲಿ ಬಾಡಿಗೆಯಿಲ್ಲದ ಲತಾಗೃಹವೊಂದು ಅವಳಿಗಾಗಿ ಕಾದೇ ಇರುತ್ತಿತ್ತು. 1999ರಲ್ಲಿ ತೆರೆಕಂಡ, ಜಿಮ್ ಫಾಲ್ ನಿರ್ದೇಶಿಸಿದ ‘ಟ್ರಿಕ್’ ಎಂಬ ಅಮೆರಿಕದ ಚಲನಚಿತ್ರದ ತರುಣರಿಬ್ಬರಿಗೆ ಈ ಭಾಗ್ಯವಿಲ್ಲ. ನ್ಯೂಯಾರ್ಕಿನಲ್ಲಿ ಹಡ್ಸನ್ ನದಿಯೇನೋ ಇದೆ, ಲತಾಗೃಹಗಳಿಲ್ಲ.

ಸಂಗೀತನಾಟಕ ಬರೆಯುವ ಹಂಬಲದ ಸಂಕೋಚಶೀಲ ಗೇಬ್ರಿಯಲ್, ಬಾರಿನಲ್ಲಿ ಕುಣಿಯುವ ಸುಂದರಾಂಗ ಮಾರ್ಕ್, ನೆಲದಡಿಯ ರೈಲಿನಲ್ಲಿ ಕಣ್ಣುಕಣ್ಣು ಕಲೆತದ್ದು, ಇವೆಲ್ಲ ಬೇಗನೆ ಮುಗಿಯುತ್ತವೆ. ಆಮೇಲಿನದೆಲ್ಲ ಒಂದು ರಾತ್ರಿಯ ಮಟ್ಟಿಗೆ ಒಂದು ಕೋಣೆಯ ಅನ್ವೇಷಣೆ. ಗೇಬ್ರಿಯಲನ ಮನೆಗೆ ಹೋದರೆ ಅಲ್ಲಿ ಗೆಳತಿ ಕ್ಯಾಥರೀನ್, ನಟಿಯಾಗಬೇಕೆಂಬ ಛಲದವಳು, ತನ್ನ ಅರ್ಹತಾಪತ್ರದ ಪ್ರತಿಗಳನ್ನು ಮುದ್ರಿಸುತ್ತ ಕುಳಿತಿದ್ದಾಳೆ. ಅವಳ ಮಾತಿಗೂ ಆ ಯಂತ್ರಕ್ಕೂ ವಿರಾಮವೆಂಬುದಿಲ್ಲ. ಅವಳನ್ನು ಸಾಗಹಾಕುವಷ್ಟರಲ್ಲಿ ಜೊತೆವಾಸಿ ರಿಚ್ ತನ್ನ ಪ್ರೇಯಸಿಯೊಡನೆ ಬಂದು ಹಕ್ಕು ಸ್ಥಾಪಿಸುತ್ತಾನೆ. ಮನೆ ಬಿಟ್ಟುಕೊಡಲು ಒಪ್ಪಿದ ಗೆಳೆಯ ಪೆರಿಗೂ ಆ ರಾತ್ರಿಯೇ ಹಳೆಯ ಪ್ರಿಯತಮ ಎದುರಾಗಿ, ರಾಜಿಯಾಗಿ, ಮನೆಯ ಅಗತ್ಯ ಒದಗಬೇಕೆ!

ಈ ಹಂತಕ್ಕೆ ನಾನು ಪ್ರೇಕ್ಷಕನಾಗಿ ಉಳಿದಿರಲಿಲ್ಲ. ಮನೆಯ ದಲ್ಲಾಳಿಯಾಗಿ ಪರಿಣಮಿಸಿದ್ದೆ. ನಮ್ಮ ತಾರಸಿಯ ಮೇಲೊಂದು ಸಣ್ಣ ಕೋಣೆಯುಂಟು. ಅದರ ಖಾಯಂ ನಿವಾಸಿಗಳೆಂದರೆ ಕಬ್ಬಿಣದ ಪೆಟ್ಟಿಗೆಯೊಳಗೆ ಹಳೆಯ ಪಂಚೆಯ ತುಂಡುಗಳನ್ನು ಹೊದ್ದು ಮಲಗಿರುವ, ನನ್ನ ಮದುವೆಯಲ್ಲಿ ಬಂದ ಪಟ್ಟದ ಗೊಂಬೆಗಳು. ನವರಾತ್ರಿಯಲ್ಲಿ ಮಾತ್ರ ಕೆಳಗಿಳಿದು ಬಂದು ಪೂಜೆಯನ್ನೂ ಚರಪನ್ನೂ ಸ್ವೀಕರಿಸಿ, ವರ್ಷದ ಉಳಿದ ದಿನಗಳೆಲ್ಲ ಒಂದು ಕಾಸೂ ಬಾಡಿಗೆ ಕೊಡದೆ ಏಕಾಂತವನ್ನು ಭೋಗಿಸುವ ಆ ರಾಜದಂಪತಿಗಳ ಮೇಲೆ, ಮಧ್ಯರಾತ್ರಿಯ ಆ ಹೊತ್ತಿನಲ್ಲಿ ನನಗೆ ಉಂಟಾದ ಕ್ರೋಧ ಅಷ್ಟಿಷ್ಟಲ್ಲ. ಪೆಟ್ಟಿಗೆಯನ್ನು ಮೆಟ್ಟಿಲ ಕೆಳಗೆ ಸರಿಸಬಹುದು. ಹಪ್ಪಳದ ಡಬ್ಬಗಳನ್ನು ಅಡಿಗೆಮನೆಗೆ ಸಾಗಿಸಬಹುದು. ಮುರಿದ ಹೊಲಿಗೆಯಂತ್ರದ ಮೇಲೊಂದು ಹಲಗೆಯಿಟ್ಟರೆ ಗೇಬ್ರಿಯಲನಿಗೆ ಬರೆಯಲು ಮೇಜೂ ಆಯಿತು! ಇಷ್ಟೆಲ್ಲ ಸಿದ್ಧಪಡಿಸಿ, “ನಮ್ಮ ಮಹಡಿ ರೂಮಿಗೆ ಬನ್ರಯ್ಯಾ!” ಎಂದು ಟೀವಿಗೆ ಕೂಗಿಯೇಬಿಟ್ಟೆ.

“ಯಾರಿಗ್ರೀ ರೂಮು?” ಒಳಗಿನಿಂದ ಮನೆಯಾಕೆಯ ಧ್ವನಿ.

“ಇಬ್ಬರು ಹುಡುಗರಿಗೆ ಕಣೇ. ಪಾಪ, ಎಲ್ಲೂ ಸಿಗ್ತಾ ಇಲ್ಲ.”

“ಬ್ಯಾಚುಲರ್ರೇ? ಅಡ್ವಾನ್ಸ್ ಎಷ್ಟು ಕೊಡ್ತಾರಂತೆ? ಮನೇಲಿ ಮೊಟ್ಟೆ ಗಿಟ್ಟೆ ಬೇಯಿಸಕೂಡದು ಅಂತ ಮೊದಲೇ ಹೇಳಿಬಿಡಿ.”

ನ್ಯೂಯಾರ್ಕಿನಿಂದ ಬರುವವರು ಎಂದೆ. ಹಾಗಾದರೆ ಅಡ್ವಾನ್ಸ್ ಹೆಚ್ಚು ಕೇಳಬೇಕೆಂದು ಸೂಚಿಸಿ ಮಗ್ಗುಲಾದಳು.

ನಕ್ಕದ್ದೇನೋ ದಿಟ, ಆದರೆ ಆ ನಗೆಯಲ್ಲೊಂದು ಕಲ್ಲು ಸಿಕ್ಕಿತು. ನಮ್ಮಲ್ಲಿ ಇಬ್ಬರು ಗಂಡಸರು ಹೆಗಲ ಮೇಲೆ ಕೈಹಾಕಿಕೊಂಡು ಬೀದಿಯುದ್ದಕ್ಕೂ ನಡೆದರೆ ಕಣ್ಣೆತ್ತಿ ನೋಡುವವರಿಲ್ಲ. ಸ್ನೇಹಿತರೆಂದೋ ದಾಯಾದಿಗಳೆಂದೋ ಹೇಳಿಕೊಂಡರೆ ಮನೆಯೂ ಸಿಕ್ಕೀತು. ನಿಜ ಹೇಳಿದರೆ? 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಲಿಂಗಪ್ರೇಮವನ್ನು ಅಪರಾಧಗಳ ಪಟ್ಟಿಯಿಂದ ಬಿಡಿಸಿತು; ಮನೆಯ ಬೀಗದ ಕೈ ಮಾತ್ರ ಇಂದಿಗೂ ನನ್ನಂಥ ಮಾಲೀಕರ ಸೊಂಟದಲ್ಲಿದೆ. ಬೆಳಗಿನ ಬೆಳಕಿನಲ್ಲಿ, ನೆರೆಯವರು ನೋಡುತ್ತಿರುವಾಗ, ಅದೇ ಕೂಗನ್ನು ನಾನು ಕೂಗುತ್ತಿದ್ದೆನೇ ಎಂಬ ಪ್ರಶ್ನೆಯನ್ನು ಆಗ ಬದಿಗೊತ್ತಿ ಪುನಃ ಚಿತ್ರದತ್ತ ತಿರುಗಿದೆ.

ಅಷ್ಟರಲ್ಲಿ ಸ್ತ್ರೀವೇಷದ ನಟ ಕೋಕೋ ಪೆರು, ಕ್ಲಬ್ಬಿನ ಶೌಚಾಲಯದಲ್ಲಿ ಗೇಬ್ರಿಯಲನನ್ನು ತಡೆದು ಮಾರ್ಕನ ಬಗೆಗೆ ವಿಷ ಬಿತ್ತಿಯಾಗಿತ್ತು. ಮಂಥರೆಯ ಪಾತ್ರಕ್ಕೆ ಇಂಥ ನಾಲಗೆ ನಮ್ಮ ಕಂಪನಿ ನಾಟಕಗಳಲ್ಲಿಯೂ ದುರ್ಲಭ! ಜಗಳ, ಮುನಿಸು, ಸಮಾಧಾನಗಳಾಗಿ ಬೆಳಗಾಗುತ್ತದೆ, ಕೋಣೆ ಸಿಗುವುದಿಲ್ಲ. ಬೀದಿಯಲ್ಲಿ ಒಂದು ಮುತ್ತು, ಒಂದು ಫೋನ್ ನಂಬರು, ಅಷ್ಟೇ ಲಾಭ. ಸಂಶಯಪ್ರಾಣಿ ಗೇಬ್ರಿಯಲ್ ನಾಣ್ಯದ ಫೋನಿನಿಂದ ಆ ನಂಬರಿಗೆ ಕರೆಮಾಡಿ, ಅತ್ತಲಿನ ಯಂತ್ರದೊಳಗೆ ಮಾರ್ಕನ ಧ್ವನಿ ಕೇಳಿ ಹಿಗ್ಗುತ್ತಾನೆ. ನಂಬರು ದಿಟವೆಂದು ತಿಳಿಸಿದ ನಿರ್ದೇಶಕನು, ಮುಂದೆ ಅವರಿಗೆ ಮನೆ ಸಿಕ್ಕಿತೆ, ಬಾಡಿಗೆ ಎಷ್ಟು, ನೀರು ಬರುತ್ತದೆಯೆ ಎಂಬ ವಿವರಗಳನ್ನೆಲ್ಲ ನುಂಗಿಹಾಕಿದ್ದಾನೆ. ಈ ಜಿಪುಣತನವನ್ನು ನಾನಿನ್ನೂ ಕ್ಷಮಿಸಿಲ್ಲ.