ಒಂದಂಕದ ವಿಜಯ

ಅಡಿಕೆ ಕೊಯ್ಲು ಮುಗಿದು, ಗದ್ದೆಬಯಲಿನಲ್ಲಿ ಹೊನಲು ಬೆಳಕಿನ ಕಬಡ್ಡಿ ಆರಂಭವಾಯಿತೆಂದರೆ, ಅದುವರೆಗೆ ಒಂದೇ ಪಂಕ್ತಿಯಲ್ಲಿ ಉಂಡು, ಹೆಣ್ಣು ಕೊಟ್ಟು ತಂದು ಬಾಳಿದ ಶಿರಸಿ ಸಿದ್ದಾಪುರಗಳ ಸಜ್ಜನರು ಪರಸ್ಪರ ಶತ್ರುದೇಶದ ಪ್ರಜೆಗಳಾಗಿ ಪರಿಣಮಿಸುತ್ತಾರೆ. ಆಟವಾದರೋ 20 ನಿಮಿಷಗಳ ಎರಡು ಅವಧಿಗಳಲ್ಲಿ ಮುಗಿಯತಕ್ಕದ್ದು. ಅದರ ಮೀಮಾಂಸೆಗೆ ಮಾತ್ರ ಕಾಲಮಿತಿಯಿಲ್ಲ.

ಶಿರಸಿಯವರು ಒಂದೇ ಅಂಕದಿಂದ ಗೆದ್ದರೆನ್ನಿ. ಗೆದ್ದವರ ಪಕ್ಷದಲ್ಲಿ ಸಂತೋಷಕ್ಕಿಂತ ಆಕ್ಷೇಪವೇ ಅಧಿಕ. "ಏಳು ಜನರನ್ನೂ ಹೊರಹಾಕಿ ಲೋನಾದ 2 ಅಂಕ ಪಡೆದ ಮೇಲೂ ಇಷ್ಟು ಏದುಸಿರೇಕೆ?" ಎಂದು ಒಬ್ಬರು ಕವಳದ ಸಂಚಿ ಬಿಚ್ಚಿದರೆ, "30 ಸೆಕೆಂಡು ಉಸಿರು ಹಿಡಿಯಲಾರದವನನ್ನು ದಾಳಿಗೆ ಕಳಿಸಿದ್ದು ಯಾರು?" ಎಂದು ಮತ್ತೊಬ್ಬರು ಎಲೆಗೆ ಸುಣ್ಣ ಸವರುತ್ತಾರೆ. ಇತ್ತ ಸಿದ್ದಾಪುರದ ಭಾವನವರು, ಬೋನಸ್ ಗೆರೆ ದಾಟಿದ ಆಟಗಾರನ ಹಿಂದಿನ ಕಾಲು ನೆಲದಿಂದ ಎದ್ದೇ ಇರಲಿಲ್ಲವೆಂಬ ಸಿದ್ಧಾಂತವನ್ನು, ತಾಳಮದ್ದಳೆಯಲ್ಲಿ ಸಂಧಾನಕ್ಕೆ ಬಂದ ಕೃಷ್ಣನೂ ನಾಚುವಂತೆ, ಪೂರ್ವಪಕ್ಷ ಉತ್ತರಪಕ್ಷಗಳೊಡನೆ ಪ್ರತಿಪಾದಿಸುತ್ತಾರೆ. ಆ ಕಾಲನ್ನು ಕಂಡವರು ಅವರೊಬ್ಬರೇ. ಅದೂ ಚಹದಂಗಡಿಯ ಮರೆಯಿಂದ.

ತೀರ್ಪಿಗೆ ತಟಸ್ಥರೆಂದು ಯಲ್ಲಾಪುರದವರೊಬ್ಬರನ್ನು ಹಿಡಿದು ತಂದರೆ, ಅವರು ಎರಡೂ ಕಡೆಯ ಕವಳವನ್ನು ನಿಷ್ಪಕ್ಷಪಾತವಾಗಿ ಮೆದ್ದು, "ಗೆದ್ದವರಿಗೆ ಗೆಲ್ಲಲು ಬರಲಿಲ್ಲ, ಸೋತವರಿಗೆ ನೆಟ್ಟಗೆ ಸೋಲಲೂ ಬರಲಿಲ್ಲ, ನಮ್ಮವರು ಆಡಿದ್ದರೆ..." ಎಂದು ಪೀಠಿಕೆ ಹಾಕುತ್ತಾರೆ. ಆ ಕ್ಷಣದಲ್ಲಿ ವೈರವೆಲ್ಲ ಮರೆತ ಉಭಯ ಪಕ್ಷದವರೂ, "ಭಾವಾ, ಮೊದಲ ಸುತ್ತಿನಲ್ಲೇ ಸೋತ ನಿಮ್ಮ ತಂಡ ಯಲ್ಲಾಪುರಕ್ಕೆ ಯಾವ ಬಸ್ಸಿನಲ್ಲಿ ಹೋಯಿತು?" ಎಂದು ಒಕ್ಕೊರಲಿನಿಂದ ಕೇಳುವುದುಂಟು.