ಕುದುರೆ ಓಡಲಿ, ಬುಕ್ಕಿ ನಿಂತಲ್ಲೇ ಗೆಲ್ಲುತ್ತಾನೆ

ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಇರುವಷ್ಟು ಸಂಶೋಧಕರು ನಮ್ಮ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. ಕುದುರೆಯ ಅಪ್ಪ ಯಾರು, ಅಮ್ಮ ಯಾರು, ಜಾಕಿಯ ತೂಕ ಎಷ್ಟು, ನಿನ್ನೆಯ ಮಳೆಗೆ ಟ್ರ್ಯಾಕ್ ಎಷ್ಟು ಮೆತ್ತಗಾಗಿದೆ... ಮಗಳಿಗೆ ಗಂಡು ನೋಡುವಾಗಲೂ ಇವರು ಇಷ್ಟು ವಿಚಾರಿಸಿರಲಿಕ್ಕಿಲ್ಲ. ವಿಚಾರಿಸದೆ ಬಿಡುವುದು ಒಂದನ್ನೇ: ಬುಕ್ಕಿಯ ಹಲಗೆಯ ಮೇಲಿರುವ ಲೆಕ್ಕ.

ಹೈಸ್ಕೂಲು ಹುಡುಗನೂ ಮಾಡಬಹುದಾದ ಲೆಕ್ಕ ಅದು. ಐದು ಕುದುರೆಗಳ ರೇಸು ಎನ್ನಿ. ದರ 2-1, 5-2, 3-1, 4-1, 9-1. 2-1 ಎಂದರೆ ಒಂದು ರೂಪಾಯಿ ಕಟ್ಟಿ ಗೆದ್ದವನಿಗೆ ಎರಡು ರೂಪಾಯಿ ಲಾಭ, ಕಟ್ಟಿದ ರೂಪಾಯಿ ವಾಪಸ್. ಈಗ ಯಾವುದು ಗೆದ್ದರೂ ಕೈಗೆ ನೂರು ಬರುವಂತೆ ಐದರ ಮೇಲೂ ಕಟ್ಟಿ. ಹೆಚ್ಚುಕಮ್ಮಿ 33, 29, 25, 20, 10. ಒಟ್ಟು 117. ನೂರು ರೂಪಾಯಿ ಕೊಳ್ಳಲು 117 ರೂಪಾಯಿ! ಆ ಹದಿನೇಳಕ್ಕೆ ಜಾಕಿಯೂ ಬೇಡ, ಮಳೆಯ ಚಿಂತೆಯೂ ಇಲ್ಲ. ಹಣ ಒಂದೇ ಕುದುರೆಯ ಕಡೆ ವಾಲಿದರೆ ಬುಕ್ಕಿ ಅದರ ದರ ಇಳಿಸಿ ಹದಕ್ಕೆ ತರುತ್ತಾನೆ. ಇಳಿದದ್ದೇ ತಡ, ‘ಒಳಗಿನ ಸುದ್ದಿ ಇದೆ ಕಣ್ರೀ’ ಎಂದು ಜನ ಅದಕ್ಕೇ ಮುಗಿಬೀಳುತ್ತಾರೆ.

ಕುದುರೆ ರೇಸು ಕೌಶಲದ ಆಟ, ಜೂಜಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿತು. ತಲೆಬಾಗಿ ಒಪ್ಪುತ್ತೇನೆ. ಯಾರ ಕೌಶಲ ಎಂಬಲ್ಲಿ ಮಾತ್ರ ನನ್ನದು ಸಣ್ಣ ತಕರಾರು.

ಕ್ರಿಕೆಟ್ ಬೆಟ್ಟಿಂಗಿಗೆ ಇಷ್ಟು ಪಾಂಡಿತ್ಯವೂ ಬೇಡ. ಕಾನೂನು ಬೇಡವೆಂದರೂ ಫೋನು ಬಾ ಎನ್ನುತ್ತದೆ. ಟಾಸಿಗೆ 90 ಪೈಸೆ ದರ ಎಂದುಕೊಳ್ಳಿ: ಸಾವಿರ ಕಟ್ಟಿ ಗೆದ್ದರೆ ಒಂಬೈನೂರು, ಸೋತರೆ ಸಾವಿರವೂ ಸ್ವಾಹಾ. ಹತ್ತರಲ್ಲಿ ಐದು ಗೆದ್ದು ಐದು ಸೋತವನು ‘ಸಮ ಸಮ ಆಯ್ತು’ ಎಂದು ಹಿಗ್ಗುತ್ತಾನೆ. ಜೇಬು ಎಣಿಸಿದರೆ ಐನೂರು ಮಾಯ.

ಇನ್ನು ಸರ್ಕಾರ. ರೇಸಿನಲ್ಲಿ ಕಟ್ಟುವ ಪೂರ್ತಿ ಹಣದ ಮೇಲೆ 2023ರ ಅಕ್ಟೋಬರಿನಿಂದ ಶೇ. 28 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ. 40. ನಿಮ್ಮ ಕುದುರೆ ಕೊನೆಗೆ ಬಂದರೂ ಸರ್ಕಾರದ ಕುದುರೆ ಮೊದಲೇ ಬಂದಿರುತ್ತದೆ.

ಟಿಪ್ಸ್ ಕೇಳುವವರಿಗೆ ನನ್ನದೂ ಒಂದಿದೆ. ಮುಂದಿನ ರೇಸಿಗೆ ಮುಂಚೆ ಹಲಗೆಯ ಮೇಲಿನ ದರಗಳನ್ನು ಆ ಐದು ಕುದುರೆಗಳ ಲೆಕ್ಕದಂತೆಯೇ ಕೂಡಿ ನೋಡಿ. ಮೊತ್ತ ನೂರಕ್ಕಿಂತ ಕಡಿಮೆ ಬಂದ ದಿನ ದಯವಿಟ್ಟು ನನಗೂ ಫೋನ್ ಮಾಡಿ, ನಾನೂ ಕಟ್ಟುತ್ತೇನೆ.